ಚಾಪೆಯ ಮೇಲೆ ಕಂಡದ್ದು

ಚಾಪೆಯ ಮೇಲೆ ಕಂಡದ್ದನ್ನು ಚಾಪೆಯ ಜೊತೆಗೇ ಸುತ್ತಿಡುತ್ತೇನೆ ಎಂದು ಸಲ್ಬಿಯಾ ಅಮ್ಮನಿಗೆ ಮಾತು ಕೊಟ್ಟಾಗ ಅವಳಿನ್ನೂ ಸ್ಕೂಲಿಗೆ ಹೋಗುತ್ತಿದ್ದ ಹುಡುಗಿ. ಎಣ್ಣೆ ಹಚ್ಚಿಕೊಂಡ ತನ್ನ ಅಂಗೈಯನ್ನು ಅಮ್ಮ ಮಗಳ ಅಂಗೈಗೆ ಒತ್ತಿ ಹಿಡಿದು, ಹೇಳು, ಅಂದಿದ್ದಳು. ಸಲ್ಬಿಯಾ ಹೇಳಿದಳು. ಇನ್ನೊಂದು ಸಲ ಹೇಳು. ಹೇಳಿದಳು. ಅದಕ್ಕೂ ಮುಂಚೆ ನಡೆದದ್ದು ಇಷ್ಟೇ: ನದಿಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವಾಗ ಗೆಳತಿಯರ ಎದುರು ಅವಳು, ಊರ ಮುಖ್ಯಸ್ಥನ ಹೆಂಡತಿಯ ಬೆನ್ನ ಮೇಲೆ ಬೆಲ್ಟಿನ ಬರೆಗಳಿವೆ ಎಂದು ಬಾಯಿಬಿಟ್ಟಿದ್ದಳು. ಊರ ಹೆಂಗಸರ ಮೈ ನೀವಿ ಹೆರಿಗೆ ಮಾಡಿಸುತ್ತಿದ್ದ ಅಮ್ಮ ಚಾಪೆಯ ಮೇಲೆ ಆ ಹೆಂಗಸಿನ ಮೈ ತಿಕ್ಕುವಾಗ ಎಣ್ಣೆಯ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದವಳು ಅವಳೇ ತಾನೆ. ಮಾತು ಸಂಜೆಯೊಳಗೆ ಊರು ಸುತ್ತಿತು. ಆ ಹೆಂಗಸು ಮತ್ತೆ ಅಮ್ಮನ ಚಾಪೆಗೆ ಬರಲಿಲ್ಲ. ಮುಂದಿನ ಹೆರಿಗೆಗೂ ಕರೆಕಳಿಸಲಿಲ್ಲ. ಬಾಗಿಲು ಹಾಕಿಕೊಂಡು ಹೆತ್ತಳು, ರಕ್ತ ನಿಲ್ಲದೆ ಸತ್ತಳು. ಅಮ್ಮ ಬಯ್ಯಲಿಲ್ಲ, ಹೊಡೆಯಲಿಲ್ಲ. ಹೆಣ ಮಣ್ಣು ಮಾಡಿ ಬಂದ ಮೇಲೆ ಎಣ್ಣೆ ಬಿಸಿಮಾಡಿಕೊಂಡು ಬಂದು ಕೈ ಚಾಚಿದಳು, ಅಷ್ಟೆ.

ಎಷ್ಟೋ ವರ್ಷಗಳ ಮೇಲೆ, ಸಾಕ್ಷಿ ಹೇಳಲು ಕೋರ್ಟಿಗೆ ಹೋಗಬೇಕಾಗಿದ್ದ ದಿನವೂ ಸಲ್ಬಿಯಾ ಎಂದಿನಂತೆ ಎದ್ದು, ತೆಂಗಿನ ಹಾಲಿನಲ್ಲಿ ಅನ್ನ ಬೇಯಿಸಿ, ಖಾರದ ಸಂಬಾಲ್, ಹುರಿದ ನೆತ್ತಲಿ ಮೀನು ಇಟ್ಟು ಬಾಳೆಲೆಯಲ್ಲಿ ಪೊಟ್ಟಣ ಕಟ್ಟಿ ರಸ್ತೆ ಮೂಲೆಯ ಅಂಗಡಿಗೆ ಕೊಟ್ಟು ಬಂದಳು. ಬಂದು ಕೈ ತೊಳೆದುಕೊಂಡಳು. ಮತ್ತೆ ತೊಳೆದುಕೊಂಡಳು. ಅಮ್ಮನಿಂದ ಬಂದ ಮೈ ನೀವುವ ಕಸುಬಿನ, ಅರಿಶಿನ, ಶುಂಠಿ, ಎಣ್ಣೆ ಮೂರೂ ಸೇರಿದ ವಾಸನೆ ಎಷ್ಟು ಸೋಪು ಹಾಕಿದರೂ ಉಗುರ ಸಂದಿಯಿಂದ ಹೋಗುವಂಥದ್ದಲ್ಲ. ಅದು ಅವಳ ಮೂಗಿಗೆ ತಿಳಿಯುವುದನ್ನು ಬಿಟ್ಟು ವರ್ಷಗಳಾಗಿದ್ದವು, ಇವತ್ತು ಮಾತ್ರ ತಿಳಿಯಿತು. ಪಟ್ಟಣದವರ ಮೂಗಿಗೆ ಹೇಗೆ ಬಡಿಯಬಹುದೋ ಹಾಗೆ. ಮಗಳು ಐಡಾ ಕನ್ನಡಿಯ ಮುಂದೆ ನಿಂತು ತಲೆವಸ್ತ್ರದೊಂದಿಗೆ ಗುದ್ದಾಡುತ್ತಿದ್ದಳು.

"ಮಾಕ್, ಇವತ್ತು ಪಾಕ್ ಮಿಸ್ಬಾ ವ್ಯಾನ್ ತರಲ್ವಂತೆ. ಅವರ ಹೆಂಡ್ತಿ ತಮ್ಮ ಬರ್ತಾನಂತೆ."

"ಹೂಂ."

"ಅವರೂ ಕೋರ್ಟಿಗೆ, ನೀನೂ ಕೋರ್ಟಿಗೆ. ಒಟ್ಟಿಗೆ ಹೋಗ್ಬಹುದಿತ್ತಲ್ಲ?"

"ಮಾತು ಸಾಕು. ವ್ಯಾನಲ್ಲಿ ಹಿಂದಿನ ಸೀಟಲ್ಲಿ ಕೂತ್ಕೋ."

"ದಿನಾ ಅದನ್ನೇ ಹೇಳ್ತೀಯ. ಹಿಂದೆ ಕೂತ್ರೆ ನಂಗೆ ವಾಂತಿ ಬರತ್ತೆ."

ಮಗಳ ಗದ್ದದ ಕೆಳಗೆ ಪಿನ್ನು ಚುಚ್ಚುತ್ತಿದ್ದ ಸಲ್ಬಿಯಾಳ ಕೈ ನಿಂತಿತು. ಆಮೇಲೆ ಚುಚ್ಚಿತು. ಆ ಇನ್ನೊಂದು ಮಗು, ಮೆಲೂರ್, ಮಾಡಿದ್ದೂ ಅದನ್ನೇ, ವಾಂತಿ. ಶಿಶುವಿಹಾರದಿಂದ ಬರುವಾಗ ವ್ಯಾನಿನ ಸೀಟಿನ ಮೇಲೆ ಕಕ್ಕಿ, ಹೆದರಿ, ಕಿರುಚಾಡಿತಂತೆ. ಬೇರೆ ಮಕ್ಕಳೆಲ್ಲ ಇಳಿದಿದ್ದರು, ಇದೊಂದೇ ಉಳಿದಿತ್ತು. ಮಿಸ್ಬಾ ರಬ್ಬರ್ ತೋಟದ ಪಕ್ಕ ವ್ಯಾನ್ ನಿಲ್ಲಿಸಿ, ಹಿಂದಕ್ಕೆ ಬಂದು, ಸದ್ದು ನಿಲ್ಲುವವರೆಗೆ ಕತ್ತು ಹಿಡಿದುಕೊಂಡನಂತೆ. ಎಲ್ಲ 'ಅಂತೆ'. ಕಂಡವರಿಲ್ಲ. ಜಾಮೀನಿನ ಮೇಲೆ ಬಂದು ಅವನು ಮತ್ತೆ ವ್ಯಾನ್ ಓಡಿಸತೊಡಗಿದಾಗ ಊರು ಮೊದಮೊದಲು ಬೆಚ್ಚಿತು, ಎರಡು ಮನೆಯವರು ಮಕ್ಕಳನ್ನು ಬಿಡಿಸಿದರು, ಉಳಿದವರು ಬಿಡಿಸಲಿಲ್ಲ. ಐದು ವರ್ಷದ ಕೂಸಿನ ಮಾತು ಕೇಳಿಕೊಂಡು ಎಷ್ಟೋ ಕಾಲದಿಂದ ಊರ ಮಕ್ಕಳನ್ನೆಲ್ಲ ಸಾಗಿಸಿದವನನ್ನು ಜೈಲಿಗೆ ಹಾಕುತ್ತಾರೆಯೇ ಎಂದರು. ಸಲ್ಬಿಯಾ ಕೂಡ ಐಡಾಳನ್ನು ಬಿಡಿಸಲಿಲ್ಲ. ಬಿಡಿಸಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂಬುದಕ್ಕೆ ಉತ್ತರ ಚಾಪೆಯೊಳಗೆ ಸುತ್ತಿಟ್ಟಿತ್ತು. ಅದರ ಬದಲು ದಿನಾ ಬೆಳಗ್ಗೆ ಹಿಂದಿನ ಸೀಟು, ಹಿಂದಿನ ಸೀಟು ಎಂದು ಹೇಳಿ ಕಳಿಸುತ್ತಿದ್ದಳು. ಡ್ರೈವರನ ಸೀಟಿಗೂ ಹಿಂದಿನ ಸೀಟಿಗೂ ಎಷ್ಟು ದೂರ ಎಂಬುದು ಪಾತ್ರೆ ತೊಳೆಯುವಾಗ, ಯಾರದೋ ಮೊಣಕಾಲು ನೀವುವಾಗ ಅವಳ ತಲೆಯಲ್ಲಿ ಬಂದು ಕೂರುತ್ತಿತ್ತು. ದೊಡ್ಡ ವ್ಯಾನೇನೂ ಅಲ್ಲ ಅದು. ಅದರಲ್ಲೇ ಅಮ್ಮನ ಹೆಣವೂ ಬಂದಿತ್ತು. ಉಪವಾಸದ ತಿಂಗಳು, ಸಂಜೆ, ಆಸ್ಪತ್ರೆಯ ಗಾಡಿ ನಾಳೆ ಎಂದಿದ್ದರು. ಫೋನು ಹೋದ ತಕ್ಷಣ ಮಿಸ್ಬಾ ಸೀಟುಗಳನ್ನೆಲ್ಲ ಬಿಚ್ಚಿ ಮನೆಯಲ್ಲಿಟ್ಟು ಬಂದ. ದಾರಿಯಲ್ಲಿ ಉಪವಾಸ ಬಿಡುವ ಬಾಂಗ್ ಕೇಳಿಸಿತು, ಸಲ್ಬಿಯಾ ಖರ್ಜೂರ ಚಾಚಿದಳು. ಅವನು ಕನ್ನಡಿಯಲ್ಲಿ ಹಿಂದೆ ನೋಡಿ, "ಮೊದಲು ನಿನ್ನ ಮಾಕ್ ಮನೆ ಸೇರ್ಲಿ, ಬಿಯಾ" ಎಂದಿದ್ದ. ಆ ಮಾತು ಆಡಿದ್ದೂ ಅವನೇ. ಕುಲುಕಾಟದಲ್ಲಿ ಅಮ್ಮನ ತಲೆ ಅತ್ತಿತ್ತ ಆಗದಂತೆ ತನ್ನ ಜಾಕೆಟ್ ಸುತ್ತಿ ಒತ್ತು ಕೊಟ್ಟದ್ದೂ ಅವನ ಕೈಯೇ.

ಹೊರಗೆ ಹಾರ್ನ್ ಆಯಿತು. ಐಡಾ ಓಡಿದಳು. ಅದರ ಬೆನ್ನಿಗೇ ನೋರ್ಮಾಳ ಅಣ್ಣನ ಕಾರು ಬಂತು. ನೋರ್ಮಾ ಮೆಲೂರಳ ತಾಯಿ, ಗ್ಲೌಸ್ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಗಂಡ ಸಿಂಗಪುರದಲ್ಲಿ ಎಲ್ಲೋ. ಹಿಂದಿನ ಬಾಗಿಲು ತೆಗೆದು, ಊರವರೆಲ್ಲ ಸಲ್ಬಿಯಾಳನ್ನು ಕರೆಯುವ ಹಾಗೇ ಕರೆದು, "ಹತ್ತಿ, ಮಕ್ ಬಿಯಾ, ಜಾಗ ಚಿಕ್ಕದು, ಮಗಳು ದೊಡ್ಡೋಳಾಗಿದಾಳೆ" ಎಂದಳು. ಮೆಲೂರ್ ಸರಿದು ಕೂತಿತು. ಕಾರು ಸೇತುವೆ ದಾಟುವುದರೊಳಗೆ ಅದರ ತಲೆ ಸಲ್ಬಿಯಾಳ ತೊಡೆಯ ಮೇಲಿತ್ತು. ಹುಟ್ಟಿದ ಏಳನೆಯ ದಿನದಿಂದ ಆ ತೊಡೆಯ ಮೇಲೆ ಎಣ್ಣೆ ಹಚ್ಚಿಸಿಕೊಂಡ ಮಗು, ಅಲ್ಲಿ ಬೇರೆ ಹೇಗೆ ಮಲಗಬೇಕೆಂದು ಅದಕ್ಕೆ ಗೊತ್ತಿರಲಿಲ್ಲ. ಸಲ್ಬಿಯಾಳ ಕೈ ತಾನಾಗಿ ಹೋಗಿ ಅದರ ನೆತ್ತಿಯ ಮೇಲೆ ಕೂತಿತು. ಕೈ ತೆಗೆಯಬೇಕೆನಿಸಿತು. ತೆಗೆದರೆ ನೋರ್ಮಾ ನೋಡುತ್ತಾಳೆ ಎನಿಸಿತು.

"ಮಕ್ ಬಿಯಾ, ನೀವೂ ಹೇಳ್ತೀರಾ?"

"ಏನಮ್ಮಾ?"

"ನಾ ಹೇಳಿದ್ದು. ನಾ ಟೀವಿ ಒಳಗೆ ಹೇಳ್ದೆ. ನೀವು ಬೆರಳಿಟ್ಟು ನೋಡಿದ್ರಿ ಅಂತಾನೂ ಹೇಳ್ದೆ."

ಮುಂದಿನ ಸೀಟಿನಲ್ಲಿದ್ದ ನೋರ್ಮಾ ತಿರುಗಿ ನಕ್ಕಳು. ನಗು ಮುಖದ ಒಂದೇ ಪಕ್ಕದಲ್ಲಿ ಇತ್ತು. "ಕೇಳಿ, ಮಕ್ ಬಿಯಾ, ನಮ್ಮ ಮಹಾರಾಣಿ ಕತೆ. ಬೇರೆ ರೂಮಲ್ಲಿ ಕ್ಯಾಮೆರಾ ಮುಂದೆ ಕೂರಿಸಿದ್ರು. ಜಡ್ಜಮ್ಮ ಕೇಳಿದ್ರಂತೆ, ಸುಳ್ಳು ಹೇಳಿದ್ರೆ ಏನಾಗತ್ತೆ ಮಗೂ ಅಂತ. ಇವಳು, ಅಮ್ಮ ಕಿವಿ ಹಿಂಡ್ತಾಳೆ ಅಂದ್ಲು! ಆಣೆ ಅಂದ್ರೇನು ಅಂದ್ರು. ಗೊತ್ತಿಲ್ಲ, ಅಂಗಡೀಲಿ ಸಿಗತ್ತಾ ಅಂದ್ಲು. ಅಷ್ಟೇ, ಆಣೆ ಇಲ್ದೆ ಸುಮ್ನೆ ಹೇಳು ಅಂದ್ರು."

"ನೀನು ಕಿವಿ ಹಿಂಡ್ತೀಯಲ್ಲ!" ಎಂದಿತು ಮೆಲೂರ್.

ವ್ಯಾನಿನಲ್ಲಿ ಅದು ನಡೆದ ದಿನ ಸಂಜೆ ನೋರ್ಮಾ ಇದೇ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದಳು. ಜ್ವರ, ವಾಂತಿ, ಕತ್ತು ತಿರುಗಿಸುತ್ತಿಲ್ಲ, ಗಾಳಿ ಹೊಕ್ಕಿರಬೇಕು, ರಾತ್ರಿ ಪಾಳಿಗೆ ಹೋಗೋದರೊಳಗೆ ಒಂಚೂರು ನೀವಿ ಕೊಡಿ ಎಂದಿದ್ದಳು. ಆಸ್ಪತ್ರೆಗಿಂತ ಮುಂಚೆ ಚಾಪೆಗೆ ತರುವುದು ಅವಳೊಬ್ಬಳೇ ಅಲ್ಲ, ಊರಿಗೆ ಊರೇ. ಸಲ್ಬಿಯಾ ಚಾಪೆ ಹಾಸಿ, ಎಣ್ಣೆ ಬೆಚ್ಚಗೆ ಮಾಡಿ, ಅಂಗಿ ಬಿಚ್ಚಿದಳು. ನೋರ್ಮಾ ಬಾಗಿಲಲ್ಲಿ ಬೆನ್ನು ಹಾಕಿಕೊಂಡು ಫ್ಯಾಕ್ಟರಿಯ ಮೇಸ್ತ್ರಿಯ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು. ಕತ್ತಿನ ಒಂದು ಪಕ್ಕ ನಾಲ್ಕು ಕಲೆ, ಇನ್ನೊಂದು ಪಕ್ಕ ಒಂದು. ಮ್ಯಾಂಗೊಸ್ಟೀನ್ ಸಿಪ್ಪೆಯ ಕಡುನೇರಳೆ ಬಣ್ಣ. ಸಲ್ಬಿಯಾ ಎಣ್ಣೆ ಮುಟ್ಟದ ಎಡಗೈಯನ್ನು ಅದರ ಮೇಲಿಟ್ಟು ನೋಡಿದಳು, ಒಂದೊಂದೇ ಬೆರಳು. ಅವಳ ಬೆರಳ ಆಚೆಗೂ ಗುರುತು ಉಳಿದಿತ್ತು. ದೊಡ್ಡ ಕೈ. ಮಗು ಕಣ್ಣು ತೆರೆದು ಅವಳನ್ನೇ ನೋಡುತ್ತಿತ್ತು. ಫೋನು ಮುಗಿಸಿ ನೋರ್ಮಾ ತಿರುಗುವಷ್ಟರಲ್ಲಿ ಅರಿಶಿನ ಬೆರೆಸಿದ ಎಣ್ಣೆ ಕತ್ತಿನ ತುಂಬ ಹರಡಿತ್ತು, ಹೆಬ್ಬೆರಳು ಕಿವಿಯ ಬುಡದಿಂದ ಹೆಗಲಿನವರೆಗೆ ಇಳಿಯುತ್ತಿತ್ತು. "ಏನು, ಮಕ್ ಬಿಯಾ?" ಎಂದಳು ನೋರ್ಮಾ. "ಗಾಳಿ" ಎಂದಳು ಸಲ್ಬಿಯಾ. ಅದು ಇಷ್ಟು ಸಲೀಸಾಗಿ ಬಂತು ಎಂದು ಅವಳಿಗೆ ಆಮೇಲೂ ಆಶ್ಚರ್ಯವಾಗಲಿಲ್ಲ. ಮೂರನೆಯ ದಿನ ಮಗು ಶಿಶುವಿಹಾರದ ಟೀಚರ ಹತ್ತಿರ ಹೇಳಿತು, ಟೀಚರು ಆಸ್ಪತ್ರೆಗೆ ಒಯ್ದಳು, ಆಸ್ಪತ್ರೆಯವರು ಪೊಲೀಸರನ್ನು ಕರೆದರು. ಡಾಕ್ಟರು ಕತ್ತಿನಲ್ಲಿ ಮಾಸಿದ ಗುರುತುಗಳಿವೆ ಎಂದು ಬರೆದ. ಯಾವ ಕೈಯವು ಎಂದು ಬರೆಯಲಿಲ್ಲ.

ಕೋರ್ಟಿನ ಓಣಿಯ ಬೆಂಚಿನ ಮೇಲೆ ಸರ್ಕಾರಿ ವಕೀಲೆ ತಿಲಗ ಅವಳ ಪಕ್ಕದಲ್ಲೇ ಬಂದು ಕೂತಳು. ಸಣ್ಣ ವಯಸ್ಸಿನವಳು, ಕಣ್ಣ ಕೆಳಗೆ ಕಪ್ಪು, ಕರಿ ಕೋಟಿನ ಹೆಗಲ ಮೇಲೆ ಒಣಗಿದ ಹಾಲಿನ ಕಲೆ. ಮನೆಯಲ್ಲಿ ಎಳೆ ಮಗು ಇದೆ ಎಂದು ಸಲ್ಬಿಯಾ ಅಂದುಕೊಂಡಳು. ಸೊಂಟಕ್ಕೆ ಬಿಸಿಕಲ್ಲಿನ ಶಾಖ ಸಾಲದಾಗಿದೆ, ಕೂರುವ ರೀತಿಯಲ್ಲೇ ಕಾಣುತ್ತದೆ.

"ಮಕ್ ಚಿಕ್," ಎಂದಳು, ಚಿಕ್ಕಮ್ಮನನ್ನು ಕರೆಯುವ ಹಾಗೆ. "ಹೆದರ್ಬೇಡಿ. ನಾನು ಕೇಳ್ತೀನಿ, ನೀವು ಹೇಳ್ತೀರಿ. ಮಗು ಆಣೆ ಇಲ್ದೆ ಹೇಳಿದ ಮಾತು ಎಷ್ಟೇ ನಿಜ ಅನ್ನಿಸಿದ್ರೂ ಅದೊಂದನ್ನೇ ಹಿಡ್ಕೊಂಡು ಶಿಕ್ಷೆ ಕೊಡೋಕೆ ಕಾನೂನು ಬಿಡಲ್ಲ. ಅದಕ್ಕೆ ಬೇರೆ ಕಡೆಯಿಂದ ಒಂದು ಆಸರೆ ಬೇಕು. ಡಾಕ್ಟರ್ ರಿಪೋರ್ಟ್ ಇದೆ, ಆದ್ರೆ ಎದುರು ಕಡೆಯೋರು ಆ ಗುರುತು ನಿಮ್ಮ ಕೈದು ಅಂತಾರೆ."

"ನನ್ನ ಕೈದಾ?"

"ಮಸಾಜ್ ಮಾಡಿದ್ದಕ್ಕೆ ಬಂತು ಅಂತ. ಅದಕ್ಕೇ ನೀವು ಮುಟ್ಟೋಕೆ ಮುಂಚೆ ಅಲ್ಲಿ ಗುರುತು ಇತ್ತಾ, ಅದೊಂದು. ಇತ್ತು ಅಂದ್ರೆ ಸಾಕು. ಅದಿಲ್ಲ ಅಂದ್ರೆ ಈ ಕೇಸಲ್ಲಿ ನನ್ನ ಹತ್ರ ಇನ್ನೇನೂ ಇಲ್ಲ." ಅವಳು ಆಕಳಿಕೆ ತಡೆದಳು. "ಪೊಲೀಸ್ ಹತ್ರ ಕತ್ತು ಬಿಗಿದಿತ್ತು ಅಂತ ಮಾತ್ರ ಹೇಳಿದೀರಿ. ಗುರುತು ನೋಡಿದ್ರಾ?"

"ಒಳಗೆ ಕೇಳಿದ್ದಕ್ಕೆ ಹೇಳ್ತೀನಿ, ಪುವಾನ್ ತಿಲಗ."

ತಿಲಗ ಅವಳ ಮುಖವನ್ನೇ ನೋಡಿದಳು. ಇನ್ನೇನೋ ಕೇಳುವವಳಿದ್ದಳು, ಯಾರೋ ಕರೆದರು. ಓಣಿಯ ಆ ತುದಿಯಲ್ಲಿ ಮಿಸ್ಬಾ ಇಸ್ತ್ರಿ ಮಾಡಿದ ಬಾಟಿಕ್ ಅಂಗಿ ಹಾಕಿಕೊಂಡು ನಿಂತಿದ್ದ, ಊರಿನ ಮದುವೆಗೆ ಬಂದವನ ಹಾಗೆ. ಸೊರಗಿದ್ದ. ಸ್ವಲ್ಪ ಹೊತ್ತಿಗೆ ಅವನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಚಹಾ ಹಿಡಿದು ಬಂದ, ಒಂದನ್ನು ಅವಳ ಮುಂದೆ ಹಿಡಿದ. ಸ್ಟ್ರಾ ನೆಟ್ಟಗೆ ನಿಂತಿತ್ತು.

"ಸಕ್ಕರೆ ಕಮ್ಮಿ ಹಾಕ್ಸಿದೀನಿ, ಬಿಯಾ. ನಿಂಗೆ ಶುಗರ್ ಅಲ್ವಾ."

"ನಂಗಲ್ಲ, ಮಾಕ್‌ಗೆ ಇದ್ದಿದ್ದು."

"ಹೌದಾ. ನೋಡು, ಮರ್ತೋಗತ್ತೆ." ಅವನು ಅಲ್ಲೇ ನಿಂತ. "ಏನಾಯ್ತೋ ಅದನ್ನ ಹೇಳು. ನಾ ಏನೂ ಹೇಳಲ್ಲ. ನೋರ್ಮಾ ಮೇಲೂ ನಂಗೆ ಸಿಟ್ಟಿಲ್ಲ. ಮಕ್ಕಳು ಅಂದ್ಮೇಲೆ..." ಎಂದು ನಿಲ್ಲಿಸಿದ. ಅವನ ದೊಡ್ಡ ಬೆರಳುಗಳು ಚೀಲದ ದಾರವನ್ನು ಸುತ್ತುತ್ತಿದ್ದವು, ಬಿಚ್ಚುತ್ತಿದ್ದವು. ಅವಳು ಅವನ್ನು ನೋಡಬಾರದೆಂದುಕೊಂಡು ನೋಡಿದಳು. ಒಂದೊಂದೇ. ಚಹಾ ಬೇಡ ಎನ್ನಲು ಬಾಯಿ ತೆರೆದವಳು ಚೀಲ ಇಸಿದುಕೊಂಡಳು, ಯಾಕೆಂದರೆ ನೀಡಿದ್ದನ್ನು ಬೇಡ ಎನ್ನುವ ಅಭ್ಯಾಸವಿರಲಿಲ್ಲ. ಎದುರಿನ ಬೆಂಚಿನಿಂದ ನೋರ್ಮಾ ಅದನ್ನು ನೋಡಿದಳು. ಚಹಾ ಕೈಯಲ್ಲಿ ಬಿಸಿಯಾಗಿತ್ತು, ಕುಡಿಯುವ ಹಾಗಿರಲಿಲ್ಲ, ಕೆಳಗಿಡುವ ಹಾಗಿರಲಿಲ್ಲ, ಕೆಳಗಿಟ್ಟರೆ ಚೀಲ ಮಗುಚುತ್ತದೆ. ಹೆಸರು ಕೂಗಿದಾಗ ಅದನ್ನು ಏನು ಮಾಡಬೇಕೆಂದು ತಿಳಿಯದೆ ಬಾಗಿಲ ಹಿಡಿಗೆ ನೇತುಹಾಕಿದಳು. ಜವಾನ, "ಏ ಮಕ್ ಚಿಕ್, ಇದೇನು ಕಾಫಿ ಅಂಗಡೀನಾ?" ಎಂದು ತೆಗೆದು ಎಸೆದ.

ಒಳಗೆ ತಂಪು ಬಹಳ. ಗುಮಾಸ್ತೆ ಹೇಳಿಕೊಟ್ಟಂತೆ ನಿಜವನ್ನೇ ಹೇಳುತ್ತೇನೆ, ನಿಜವಲ್ಲದೆ ಬೇರೇನೂ ಹೇಳುವುದಿಲ್ಲ ಎಂದು ಹೇಳಿದಳು. ಒಂದು ಸಲ ಮಾತ್ರ ಹೇಳಿಸಿದರು, ಇನ್ನೊಂದು ಸಲ ಹೇಳು ಅನ್ನಲಿಲ್ಲ. ಅಂಗೈ ಒಣಗಿತ್ತು. ಏನು ಹೇಳಬೇಕೆಂದು ಅವಳು ನಿರ್ಧರಿಸಿರಲಿಲ್ಲ. ಬೆಳಗಿನಿಂದ ನಿರ್ಧರಿಸಲು ಹೋದಾಗಲೆಲ್ಲ ತಲೆ ಪೊಟ್ಟಣ ಕಟ್ಟುವ ದಾರದ ಕಡೆಗೋ ಐಡಾಳ ಪಿನ್ನಿನ ಕಡೆಗೋ ಹೋಗಿಬಿಡುತ್ತಿತ್ತು. ತಿಲಗ ಹೆಸರು, ಊರು, ಕೆಲಸ ಕೇಳಿದಳು. ಕೆಲಸ ಎಂದಾಗ ಸಲ್ಬಿಯಾ, "ಮೈ ನೀವೋದು, ಬಾಣಂತಿಯರಿಗೆ, ಮಕ್ಕಳಿಗೆ" ಎಂದಳು. ಲೈಸೆನ್ಸ್ ಇದೆಯಾ ಎಂದು ಎದುರು ವಕೀಲ ಫೂಂಗ್ ಕೂತಲ್ಲಿಂದಲೇ ಕೇಳಿದ. ನಿಮ್ಮ ಸರದಿ ಬಂದಾಗ ಕೇಳಿ ಎಂದರು ನ್ಯಾಯಾಧೀಶೆ.

"ಅವತ್ತು ಮಗುವಿನ ಅಂಗಿ ಬಿಚ್ಚಿದವರು ಯಾರು?"

"ನಾನು."

"ಎಣ್ಣೆ ಹಚ್ಚೋಕೆ ಮುಂಚೆ ಕತ್ತು ಹೇಗಿತ್ತು?"

"ಬಿಗಿದಿತ್ತು."

"ನೋಡೋಕೆ ಹೇಗಿತ್ತು, ಮಕ್ ಚಿಕ್? ಚರ್ಮದ ಮೇಲೆ ಏನಾದ್ರೂ ಇತ್ತಾ? ಇದ್ರೆ ಎಲ್ಲಿ ಅಂತ ನಿಮ್ಮ ಕತ್ತಿನ ಮೇಲೇ ತೋರಿಸಿ."

ಬಲಗೈ ಎದ್ದಿತು. ಅದನ್ನು ಅವಳು ಎತ್ತಲಿಲ್ಲ, ಅದೇ ಎದ್ದಿತು, ಎಷ್ಟೋ ಮೈಗಳ ಮೇಲೆ ನೋವು ಎಲ್ಲಿದೆಯೆಂದು ಕೇಳದೆಯೇ ಹೋಗಿ ಕೂರುತ್ತಿದ್ದ ಕೈ. ನಾಲ್ಕು ಬೆರಳು ಈ ಪಕ್ಕ, ಹೆಬ್ಬೆರಳು ಆ ಪಕ್ಕ ಬರುವ ಹಾಗೆ ಬಿಚ್ಚಿಕೊಂಡು ಗಂಟಲಿನವರೆಗೆ ಬಂತು. ಕೋರ್ಟಿನಲ್ಲಿ ಪಂಖದ ಸದ್ದು ಕೇಳಿಸುತ್ತಿತ್ತು. ನದಿಯ ಮೆಟ್ಟಿಲ ಮೇಲೆ ಗೆಳತಿಯರು ಬಟ್ಟೆ ಬಡಿಯುವುದನ್ನು ನಿಲ್ಲಿಸಿ ಅವಳ ಬಾಯಿ ನೋಡಿದ್ದು ಹೀಗೇ. ಆಗ ಎಷ್ಟು ಹಿತವಾಗಿತ್ತು, ಎಲ್ಲರೂ ತನ್ನನ್ನೇ ನೋಡುವುದು. ಮುಖ್ಯಸ್ಥನ ಹೆಂಡತಿಯ ಬಾಗಿಲಿನಾಚೆ ಅಮ್ಮ ಎಣ್ಣೆ ಬಟ್ಟಲು ಹಿಡಿದು ರಾತ್ರಿಯಿಡೀ ನಿಂತಿದ್ದಳು, ಒಳಗಿಂದ ಚಿಲಕ ತೆಗೆಯಲಿಲ್ಲ. ಕೈ ತಲೆವಸ್ತ್ರದ ಪಿನ್ನನ್ನು ಮುಟ್ಟಿತು, ಅದನ್ನು ಸರಿಮಾಡಿತು, ಕೆಳಗಿಳಿಯಿತು.

"ನೆನಪಿಲ್ಲ, ಪುವಾನ್."

"ನೆನಪು ಮಾಡ್ಕೊಳ್ಳಿ."

"ನೆನಪಿಲ್ಲ."

ತಿಲಗ ಒಂದು ಕ್ಷಣ ಮೇಜಿನ ಅಂಚು ಹಿಡಿದು ನಿಂತಳು, ಕೂತಳು. ಫೂಂಗ್ ಎದ್ದ. ಲೈಸೆನ್ಸಿನ ವಿಷಯ ಎತ್ತಲೇ ಇಲ್ಲ, ಬಹಳ ಮರ್ಯಾದೆಯಿಂದ ಕೇಳಿದ. ನೀವು ಜೋರಾಗಿ ಒತ್ತಿ ತಿಕ್ಕುತ್ತೀರಲ್ಲವೇ? ಹೌದು. ಎಳೆ ಚರ್ಮಕ್ಕೆ ಅದರಿಂದ ಗುರುತು ಬೀಳಬಹುದೇ? ಬೀಳಬಹುದು. ಮೂರು ದಿನ ಉಳಿಯಬಹುದೇ? ಉಳಿಯಬಹುದು. ಹಾಗೆ ಎಂದೂ ಉಳಿದಿರಲಿಲ್ಲ, ಅವಳ ಕೈಯಿಂದ ಯಾವ ಮಗುವಿನ ಮೈಯಲ್ಲೂ. ಅದನ್ನು ಹೇಳಿದರೆ ಸಿಟ್ಟು ಬಂದವಳ ಹಾಗೆ ಆಗುತ್ತದೆ ಎಂದು ಸುಮ್ಮನಾದಳು. ಅವನು ತಲೆಬಾಗಿ ಕೂತ. ನ್ಯಾಯಾಧೀಶೆ ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು. ವಯಸ್ಸಾದವರು, ದನಿ ಮೆತ್ತಗಿತ್ತು.

"ಮಕ್ ಚಿಕ್, ನೀವು ಒಂದೊಂದೇ ಬೆರಳಿಟ್ಟು ನೋಡಿದ್ರಿ ಅಂತ ಮಗು ಹೇಳಿದೆ. ಇಟ್ರಾ?"

"ಕತ್ತು ನೀವುವಾಗ ಬೆರಳು ಇಟ್ಟೇ ಇಡ್ತೀವಿ, ಯಾಂಗ್ ಆರಿಫ್" ಎಂದಳು, ಜಡ್ಜಿಗೆ ಹಾಗೆನ್ನಬೇಕೆಂದು ಹೇಳಿಕೊಟ್ಟಿದ್ದರು.

ಹಿಂದೆ ಊರಿನವರು ಕೂತಿದ್ದ ಕಡೆ ಯಾರೋ ಕಿಸಕ್ಕೆಂದರು. ತಾನು ತಮಾಷೆ ಮಾಡಿದೆ ಎಂದು ಸಲ್ಬಿಯಾಳಿಗೆ ಆಗ ಗೊತ್ತಾಯಿತು. ನ್ಯಾಯಾಧೀಶೆ ನಗಲಿಲ್ಲ, ಕನ್ನಡಕ ಹಾಕಿಕೊಂಡು ಬರೆದುಕೊಂಡರು.

ಹೊರಗೆ ಮೆಲೂರ್ ಬೆಂಚಿನ ಮೇಲೆ ಕಾಲು ಆಡಿಸುತ್ತ ಕೂತಿತ್ತು, ಅವಳನ್ನು ಕಂಡದ್ದೇ ಇಳಿದು ಓಡಿ ಬಂತು.

"ಹೇಳಿದ್ರಾ?"

"ಹೂಂ."

"ಎಷ್ಟು ಅಂತ ಹೇಳಿದ್ರಿ? ಐದಲ್ವಾ? ಇಲ್ಲಿ ನಾಕು, ಇಲ್ಲೊಂದು." ಮಗು ತನ್ನ ಪುಟ್ಟ ಕೈಯನ್ನು ಕತ್ತಿಗಿಟ್ಟುಕೊಂಡು ತೋರಿಸಿತು. ಸರಿಯಾದ ಜಾಗದಲ್ಲಿ, ಕೂದಲೆಳೆಯಷ್ಟೂ ತಪ್ಪಿಲ್ಲದೆ. ಒಳಗೆ ಕೂತು ಕೇಳಿದ್ದ ನೋರ್ಮಾ ಬಾಗಿಲಿನಿಂದ ಬಂದಳು. ಮಗುವಿನ ಕೈ ಹಿಡಿದು ಎಳೆದುಕೊಂಡಳು. ಬಯ್ಯುತ್ತಾಳೆ ಎಂದು ಸಲ್ಬಿಯಾ ಕಾದಳು, ಬಯ್ದಿದ್ದರೆ ನಿಂತು ಬಯ್ಸಿಕೊಳ್ಳುತ್ತಿದ್ದಳು.

"ಬಸ್ಸು ಸಿಗತ್ತಾ ನಿಮಗೆ?" ಎಂದಳು ನೋರ್ಮಾ.

"ಸಿಗತ್ತೆ."

"ಅವತ್ತು ಗಾಳಿ ಅಂದ್ರಿ. ನಾ ನಂಬಿ ಪಾಳಿಗೆ ಹೋದೆ." ಅಷ್ಟು ಹೇಳಿ ಹೋದಳು. ಮಗು ತಿರುತಿರುಗಿ ನೋಡುತ್ತ ಹೋಯಿತು.

ತೀರ್ಪು ಬಂದಾಗ ಸಲ್ಬಿಯಾ ಅಲ್ಲಿರಲಿಲ್ಲ, ಅಂಗಡಿಗೆ ಪೊಟ್ಟಣ ಕೊಡಲು ಹೋದಾಗ ಕೇಳಿದಳು. ಮಗು ಸುಳ್ಳು ಹೇಳಿದೆ ಎಂದು ಕೋರ್ಟು ಅನ್ನುವುದಿಲ್ಲ, ಆದರೆ ಮಗುವಿನ ಮಾತಿಗೆ ಬೇರೆ ಯಾವ ಕಡೆಯಿಂದಲೂ ಆಸರೆ ಸಿಕ್ಕಿಲ್ಲ ಎಂದರಂತೆ. ಮಿಸ್ಬಾನನ್ನು ಬಿಟ್ಟರು. ಸಂಜೆ ಅವನ ಮನೆಯಲ್ಲಿ ದುವಾ ಓದಿಸಿ ಊಟ ಹಾಕಿದರು. ಸಲ್ಬಿಯಾಳ ಮನೆಗೂ ಒಂದು ತಟ್ಟೆ ಕೋಳಿ ಬಂತು, ಐಡಾ ತಿಂದಳು. ನೋರ್ಮಾ ಮಗಳನ್ನು ಕಟ್ಟಿಕೊಂಡು ತಾಯಿಯ ಊರಿಗೆ ಹೋದಳಂತೆ. ಚಾಪೆಗೆ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚಿದರು. ಮಕ್ ಬಿಯಾಳಿಂದ ಮಾತು ಹೊರಗೆ ಹೋಗುವುದಿಲ್ಲ, ಕೋರ್ಟು ಕೇಳಿದರೂ ಹೋಗುವುದಿಲ್ಲ ಎಂದು ನದಿಯ ಆಚೆ ದಡದಿಂದಲೂ ಹೆಂಗಸರು ಬಂದರು. ಹೊಸದಾಗಿ ಮದುವೆಯಾದ ಒಬ್ಬಳು ಅಂಗಿ ಬಿಚ್ಚುವ ಮುನ್ನ ಕಿಟಕಿ ಹಾಕಿ ಎಂದಳು. ಸಲ್ಬಿಯಾ ಕಿಟಕಿ ಹಾಕಿದಳು. ಅವಳ ಪಕ್ಕೆಯನ್ನು ನೋಡಿದಳು. ಎಣ್ಣೆ ಹಚ್ಚಿದಳು. ಅವಳು ಹೋದ ಮೇಲೆ ಚಾಪೆ ಸುತ್ತಿ ಗೋಡೆಗೆ ಒರಗಿಸಿ, ಕೈ ತೊಳೆದುಕೊಳ್ಳದೆ ಬಹಳ ಹೊತ್ತು ಕೂತಳು.

ಸೋಮವಾರ ಬೆಳಗ್ಗೆ ಹಾರ್ನ್ ಆಯಿತು. ಸ್ಟೀರಿಂಗಿನ ಹಿಂದೆ ಮಿಸ್ಬಾನೇ ಇದ್ದ. ಸಲ್ಬಿಯಾ ಐಡಾಳ ಗದ್ದದ ಕೆಳಗೆ ಪಿನ್ನು ಚುಚ್ಚಿ, ಹಿಂದಿನ ಸೀಟು ಎಂದಳು. ಐಡಾ ಮುಖ ಗಂಟಿಕ್ಕಿದಳು.

"ನಂಗೆ ವಾಂತಿ ಬರತ್ತೆ ಅಂತ ಹೇಳಿಲ್ವಾ?"

ಮಿಸ್ಬಾ ಕಿಟಕಿಯಿಂದ ತಲೆ ಹೊರಗೆ ಹಾಕಿ ನಕ್ಕ. "ಬಿಡು, ಬಿಯಾ, ಹಿಂದೆ ಕುಲುಕತ್ತೆ. ಬಾ ಐಡಾ, ಮುಂದೆ ನನ್ನ ಪಕ್ಕ ಕೂತ್ಕೋ."

ಐಡಾ ಮುಂದೆ ಹತ್ತಿದಳು. ಅವನು ಅವಳ ಮೇಲಿಂದ ಕೈ ಚಾಚಿ ಬಾಗಿಲು ಎಳೆದುಕೊಂಡ. ವ್ಯಾನು ಹೋಯಿತು. ಸಲ್ಬಿಯಾ ಅಮ್ಮನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಳು.